ಕಾವಿನ ಬುಟ್ಟಿಗೆ ಹಾಸಿದ ಕಾಗದ

ನೆಲಗಡಲೆ ಹಿಂಡಿಯನ್ನು ಸೆಗಣಿ ನೀರಿನಲ್ಲಿ ನಾಲ್ಕು ದಿನ ನೆನೆಹಾಕಿದರೆ ಏಳುವ ನಾತ ಎಂಥದ್ದೆಂದು ಮಲ್ಲಿಗೆ ಬೆಳೆದವರಿಗೆ ಗೊತ್ತು, ಮುಡಿದವರಿಗೆ ಗೊತ್ತಿಲ್ಲ. ಮಣಿಪಾಲದ ನಮ್ಮ ಫ್ಲ್ಯಾಟಿನ ಮೆಟ್ಟಿಲಲ್ಲಿ ಕಳೆದ ತಿಂಗಳು ಒಂದು ಬೆಳಿಗ್ಗೆ ಆ ನಾತ ಮೂಗಿಗೆ ಬಡಿಯಿತು. ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹೆಂಗಸು ಬಾಲ್ಕನಿಯಲ್ಲಿ ಏಳೆಂಟು ಕುಂಡ ಇಟ್ಟುಕೊಂಡು, ಅವಕ್ಕೆ ಹೊಯ್ಯಲೆಂದು ಬಕೆಟ್ಟಿನಲ್ಲಿ ಹಿಂಡಿ ಕೊಳೆಸಿದ್ದಳು. ಮೇಲಿನ ಮನೆಯವರು, ಕೆಳಗಿನ ಮನೆಯವರು ಎಲ್ಲ ಮೂಗು ಮುಚ್ಚಿಕೊಂಡು ಓಡಾಡಿದರು. ನಾನು ಮಾತ್ರ ತರಕಾರಿ ಚೀಲ ಹಿಡಿದುಕೊಂಡು ಮೆಟ್ಟಿಲಲ್ಲೇ ನಿಂತುಬಿಟ್ಟೆ. ಬಾಯಮ್ಮನ ಕೈ ನೆನಪಾಯಿತು...

ಬಾಯಮ್ಮ ಎನ್ನುವುದು ಹೆಸರಲ್ಲ. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಎಲ್ಲರೂ ಕರೆಯುವುದೇ ಹಾಗೆ. ಅವರ ನಿಜವಾದ ಹೆಸರನ್ನು ನಾನು ಜೀವನದಲ್ಲಿ ಒಂದೇ ಒಂದು ಸಲ ಬರೆದಿದ್ದೇನೆ. ಕಟಪಾಡಿಯ ನಮ್ಮ ಮನೆಯ ಬೇಲಿಯಾಚೆ ಅಪ್ಪನದೇ ಒಂದು ಹಿತ್ತಿಲಿತ್ತು. ಅದರಲ್ಲಿ ಬಾಯಮ್ಮ ಗೇಣಿಗೆ ಇದ್ದರು. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಚಿಕ್ಕ ಹಂಚಿನ ಮನೆ, ಅಂಗಳದ ತುಂಬ ಮಲ್ಲಿಗೆ ಗಿಡ, ಹಿಂದುಗಡೆ ತರಕಾರಿ ಸಾಲು, ಎಲ್ಲೆಂದರಲ್ಲಿ ಕೋಳಿ. ಮನೆಯೊಳಗೆ ಪ್ರಾರ್ಥನೆಗೆ ಕೊಂಕಣಿ, ನಮ್ಮ ಅಮ್ಮನೊಡನೆ ತುಳು, ನನ್ನೊಡನೆ ಮಾತ್ರ ಕನ್ನಡ. "ನೀನು ಶಾಲೆಗೆ ಹೋಗುವವಳಲ್ವಾ" ಎನ್ನುತ್ತಿದ್ದರು.

ಅವರು ಬರುವಾಗ ಅದು ಮುರಕಲ್ಲಿನ ಬೋಳು ಜಾಗವಾಗಿತ್ತಂತೆ, ಒಂದು ಹುಲ್ಲುಕಡ್ಡಿಯೂ ಇರಲಿಲ್ಲವಂತೆ. ಕಸಕಡ್ಡಿ ಒಟ್ಟಿ ಸುಟ್ಟು ಸುಡುಮಣ್ಣು ಮಾಡಿ, ಬುಟ್ಟಿಯಲ್ಲಿ ಹೊತ್ತು ಹೊತ್ತು, ಗಿಡ ನೆಡುವ ಅಷ್ಟೂ ಗುಂಡಿಗಳನ್ನು ಅವರೊಬ್ಬರೇ ತುಂಬಿಸಿದ್ದರು. ಹಾಗಾಗಿ ಜಾಗ ಅಪ್ಪನದಾದರೂ ಮಣ್ಣು ಬಾಯಮ್ಮನದು. ಇದನ್ನು ಈಗ ನಾನು ಎಷ್ಟು ಚೆಂದವಾಗಿ ಹೇಳುತ್ತೇನೆ ನೋಡಿ! ಹೇಳಬೇಕಾದಾಗ ಬಾಯಿಗೆ ಬೀಗ ಬಿದ್ದಿತ್ತು.

ಮಾರ್ಚ್ ಬಂತೆಂದರೆ ಆ ಹಿತ್ತಿಲು ಬೇರೆಯೇ ಆಗುತ್ತಿತ್ತು. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಜಗಲಿಯಲ್ಲಿ ಕಾಲು ಚಾಚಿ ಕೂತು, ನೆನೆಸಿದ ಬಾಳೆನಾರಿನಲ್ಲಿ ಕಟ್ಟುತ್ತಿದ್ದರು. ಕಣ್ಣು ಕೋಳಿಗಳ ಮೇಲೆ, ಬಾಯಿ ನನ್ನ ಮೇಲೆ, ಬೆರಳು ಮಾತ್ರ ತಮ್ಮಷ್ಟಕ್ಕೆ ಗಂಟು ಹಾಕುತ್ತಿದ್ದವು. ನನಗೆ ತೆಂಗಿನ ಎಳೆ ಗರಿಯಲ್ಲಿ ವಾಚು, ಪೀಪಿ, ಗಿಳಿ ಮಾಡಿಕೊಡುತ್ತಿದ್ದರು. ನಾನು ಮಾಡಿದ ಗಿಳಿ ನೋಡಿ, "ಇದು ಎಂತ ಮಗಾ, ಬಂಗುಡೆ ಮೀನಾ?" ಎಂದು ಕೇಳಿದ್ದರು. ಏಪ್ರಿಲಿನ ನಡುವೆ ಬಿಸು, ಅಂದರೆ ನಮ್ಮ ಹೊಸ ವರ್ಷ. ಅಂದು ಒಕ್ಕಲಿನವರು ಧಣಿಯ ಮನೆಗೆ ಬೆಳೆದದ್ದರಲ್ಲಿ ಒಂದಿಷ್ಟು ತಂದೊಪ್ಪಿಸುವುದು ಕ್ರಮ. ಬಾಯಮ್ಮನಿಗೆ ಬಿಸು ಹಬ್ಬವಲ್ಲ. ಆದರೂ ಹೊಸ ಸೀರೆ ಉಟ್ಟು, ಸೌತೆ, ಅಲಸಂಡೆ, ಒಂದು ಚೆಂಡು ಮಲ್ಲಿಗೆ, ಕಾಲು ಕಟ್ಟಿದ ಎರಡು ಕೋಳಿಗಳೊಡನೆ ಬರುತ್ತಿದ್ದರು. ಅಪ್ಪ ವೀಳ್ಯ, ತೆಂಗಿನಕಾಯಿ ಕೊಟ್ಟು ಕಳಿಸುತ್ತಿದ್ದರು. ಆ ಕೊಡುಕೊಳ್ಳುವಿಕೆಯಲ್ಲಿ ಎರಡೂ ಕಡೆಯವರಿಗೆ ಎಷ್ಟು ಹೆಮ್ಮೆ!

ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ಊರೆಲ್ಲ ಒಂದೇ ಮಾತು, ಡಿಕ್ಲರೇಶನ್. ಗೇಣಿಗೆ ಇದ್ದವರು ಒಂದು ಫಾರಂ ತುಂಬಿ ಕೊಟ್ಟರೆ ಉಳುವ ಜಾಗ ಅವರದೇ ಆಗುತ್ತದೆ ಎಂದು ಕಾನೂನು ಬಂದಿತ್ತು. ಕಾರ್ಕಳದಲ್ಲಿದ್ದ ಬಾಯಮ್ಮನ ಅಣ್ಣ ಒಂದು ಫಾರಂ ತಂದುಕೊಟ್ಟು, ಕೊನೆಯ ದಿನ ಹತ್ತಿರ ಬಂತು, ತಡಮಾಡಬೇಡ ಎಂದು ಹೇಳಿ ಹೋಗಿದ್ದರು. ಬಾಯಮ್ಮನಿಗೆ ಓದು ಬರಹ ಬಾರದು. ಏಳನೆಯ ಕ್ಲಾಸಿನ ನನ್ನನ್ನು ಕರೆದು, "ನಿನ್ನ ಅಕ್ಷರ ಚೆಂದ ಉಂಟಲ್ವಾ ಮಗಾ, ಸ್ವಲ್ಪ ತುಂಬಿಸಿ ಕೊಡ್ತೀಯಾ?" ಎಂದರು. ನಾನು ಜಗಲಿಯಲ್ಲಿ ಬೋರಲು ಮಲಗಿ, ನಾಲಿಗೆ ಕಚ್ಚಿಕೊಂಡು, ಗುಂಡಗೆ ಅವರ ಹೆಸರು ಬರೆದೆ. ಜಾಗದ ಒಡೆಯರ ಹೆಸರು ಎಂಬಲ್ಲಿ ಅಪ್ಪನ ಹೆಸರು ಬರೆದೆ. ಹೆಬ್ಬೆಟ್ಟು ಒತ್ತಲು ಶಾಯಿ ಇರಲಿಲ್ಲ, ನಾಳೆ ತರುತ್ತೇನೆಂದೆ.

ನಾಳೆಯವರೆಗೆ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲಬೇಕಲ್ಲ? ಸಂಜೆ ಅಪ್ಪನ ಮುಂದೆ ನಿಂತು, "ಸರ್ಕಾರದ ಫಾರಂನಲ್ಲಿ ನಿಮ್ಮ ಹೆಸರನ್ನು ನಾನೇ ಬರೆದದ್ದು, ಒಂದು ಚೂರೂ ತಪ್ಪಾಗಲಿಲ್ಲ" ಎಂದು ಕೊಚ್ಚಿಕೊಂಡೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಅಪ್ಪ ಬೇಲಿ ದಾಟಿ ಬಾಯಮ್ಮನ ಜಗಲಿಗೆ ಹೋದರು. ಧಣಿ ಆ ಜಗಲಿಯಲ್ಲಿ ಕೂತದ್ದು ಅದೇ ಮೊದಲು. ಬಾಯಮ್ಮ ಗಾಬರಿಯಾಗಿ ಸೆರಗಿನಲ್ಲೇ ನೆಲ ಒರೆಸಿದರು. ನಾನು ಶಾಯಿಯ ಬಾಟ್ಲಿ ಹಿಡಿದು ಹಿಂದೆಯೇ ನಿಂತಿದ್ದೆ. ಅಪ್ಪ ಮೆಲ್ಲಗೆ, ನಗುತ್ತಲೇ ಹೇಳಿದರು, "ನಮ್ಮೊಳಗೆ ಕಾಗದ ಎಂತಕ್ಕೆ ಬಾಯಮ್ಮ? ನಾನಿರುವಷ್ಟು ದಿನ ನಿಮ್ಮನ್ನು ಏಳಿ ಅಂತ ಹೇಳುವವರು ಯಾರು? ನೀವು ಕೋರ್ಟು ಕಚೇರಿ ಹತ್ತಿದರೆ ಊರಿನವರು ನನ್ನ ಮುಖಕ್ಕೆ ಎಂತ ಹೇಳಿಯಾರು?"

ಬಾಯಮ್ಮನ ಮುಖ ಕೆಂಪಾಯಿತು. ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿ, "ತಪ್ಪಾಯ್ತು ಧಣಿ, ಅಣ್ಣ ಹೇಳಿದ ಅಂತ... ನನಗೆ ಬುದ್ಧಿ ಇಲ್ಲ" ಎಂದರು. ದಾಕ್ಷಿಣ್ಯ ಎಂಬ ಒಂದು ರೋಗ ನಮ್ಮ ಊರಿನಲ್ಲಿ ಉಂಟು. ಕೋಳಿಗೆ ಬರುವ ರೋಗಕ್ಕಾದರೂ ಮದ್ದುಂಟು, ಇದಕ್ಕಿಲ್ಲ.

ಅಂದೇ ಅವರು ಕೆಂಪು ಹೇಂಟೆಯನ್ನು ಕಾವಿಗೆ ಕೂರಿಸಬೇಕಿತ್ತು. ಬುಟ್ಟಿಗೆ ಉಮಿ ಹಾಕುವ ಮೊದಲು ಆ ಫಾರಂ ತಂದು ಎರಡಾಗಿ ಮಡಚಿ ಬುಡಕ್ಕೆ ಹಾಸಿದರು. ಅದರ ಮೇಲೆ ಉಮಿ, ಮೇಲೆ ಹದಿಮೂರು ಮೊಟ್ಟೆ. ಏಪ್ರಿಲಿನ ಗುಡುಗಿಗೆ ಮೊಟ್ಟೆ ಕಲಕಬಾರದೆಂದು ಒಂದು ತುಂಡು ಇದ್ದಿಲು, ಒಂದು ಕಬ್ಬಿಣದ ಮೊಳೆಯನ್ನೂ ಇಟ್ಟರು. "ಕಾಗದ ದಪ್ಪ ಉಂಟು, ಬೆಚ್ಚಗಿರ್ತದೆ" ಎಂದು ನನಗೆ ಹೇಳಿದರು. ಗುಡುಗಿಗೆ ಕಾವಲಿಟ್ಟರು, ಧಣಿಗೆ ಇಡಲಿಲ್ಲ. ಇಪ್ಪತ್ತೊಂದನೆಯ ದಿನ ಹನ್ನೊಂದು ಮರಿಗಳು ಎದ್ದವು. ತೆಂಗಿನ ಗೆರಟೆಯಲ್ಲಿ ನೀರು, ನುಚ್ಚಕ್ಕಿ ಇಟ್ಟು ನಾನು ಕುಣಿದದ್ದೇ ಕುಣಿದದ್ದು. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನವೂ ಕಳೆದಿತ್ತು. ಬುಟ್ಟಿ ತೊಳೆಯುವಾಗ ನೋಡಿದೆ, ಹಿಕ್ಕೆಯ ಕಲೆಗಳ ನಡುವೆ ನನ್ನ ಅಕ್ಷರ ಮಾಸಿರಲಿಲ್ಲ.

ಎಂಬತ್ತರ ದಶಕದ ನಡುವೆ ನನಗೆ ಮದುವೆ ಗೊತ್ತಾಯಿತು. ದೊಡ್ಡ ಮನೆಯ ಸಂಬಂಧ. ಅಪ್ಪ ಬೇಲಿಯಾಚೆಯ ಹಿತ್ತಿಲನ್ನು ಮಾರಿದರು. ಎರಡನೆಯ ಸಲ ಅದೇ ಜಗಲಿಗೆ ಹೋಗಿ, "ಹೆಣ್ಣು ಮಗಳ ಮದುವೆ ಬಾಯಮ್ಮ. ಅವಳನ್ನು ಎತ್ತಿ ಆಡಿಸಿದವರು ನೀವು, ನಿಮಗೆ ನಾನು ಹೇಳಬೇಕಾ?" ಎಂದು ಕೇಳಿದರಂತೆ. ಬಾಯಮ್ಮ, "ಬೇಡ ಧಣಿ, ಹೇಳುವುದು ಬೇಡ" ಎಂದರಂತೆ. ನನಗೆ ಎಲ್ಲ ಗೊತ್ತಿತ್ತು. ಅಪ್ಪನೊಡನೆ ಜಗಳಾಡಬಹುದಿತ್ತು, ಕೊನೆಗೆ ಅತ್ತಾದರೂ ನೋಡಬಹುದಿತ್ತು. ನನಗೆ ಆ ಮದುವೆ ಬೇಕಿತ್ತು, ಅಷ್ಟೇ. ಇಷ್ಟು ವರ್ಷ ಬೇರೆ ಬೇರೆ ಕಾರಣ ಹೇಳಿಕೊಂಡು ತಿರುಗಿದ್ದೇನೆ, ಆದರೆ ನಿಜ ಇದೊಂದೇ.

ಮದುವೆಯ ಬೆಳಿಗ್ಗೆ ಬಾಯಮ್ಮ ಬಾಳೆಲೆಯಲ್ಲಿ ಸುತ್ತಿ ಮಲ್ಲಿಗೆ ತಂದರು. ಹಿತ್ತಿಲಿನಲ್ಲಿ ಅಂದು ಬಿಟ್ಟದ್ದೆಲ್ಲ ಅದರಲ್ಲಿತ್ತು, ಒಂದು ಮೊಗ್ಗನ್ನೂ ಮಾರಿರಲಿಲ್ಲ. ತಾವೇ ನನ್ನ ಜಡೆಗೆ ಮುಡಿಸಿದರು. ಎಷ್ಟು ಉಜ್ಜಿ ತೊಳೆದಿದ್ದರೂ ಆ ಕೈಯಿಂದ ಹಿಂಡಿಯ ವಾಸನೆ ಹೋಗಿರಲಿಲ್ಲ. "ಚೆಂದ ಕಾಣ್ತಿ ಮಗಾ" ಎಂದರು. ಮತ್ತೆ ಏನೋ ಹೇಳಹೊರಟವರು ಪಿನ್ನನ್ನು ಬಾಯಲ್ಲಿ ಕಚ್ಚಿಕೊಂಡರು. ವಾಲಗ ಶುರುವಾಯಿತು...

ಹಿತ್ತಿಲು ಬಿಟ್ಟು ಕಾರ್ಕಳದ ಅಣ್ಣನ ಮಗನ ಮನೆಗೆ ಅವರು ಹೋದ ಮೇಲೆ ನಾನು ನೋಡಲು ಹೋದದ್ದು ಒಂದೇ ಸಲ. ಮನೆಯ ಸುತ್ತ ಬರೇ ಕರಿಕಲ್ಲು. ಕೋಳಿ ಸಾಕುವ ಹಾಗಿಲ್ಲ, ಆ ಮನೆಯ ಸೊಸೆಗೆ ವಾಸನೆ ಆಗುವುದಿಲ್ಲವಂತೆ. ಹಾಲಿನ ಪುಡಿಯ ಡಬ್ಬಿಯೊಂದರಲ್ಲಿ ಹಳೆಯ ಹಿತ್ತಿಲಿನ ಮಲ್ಲಿಗೆಯ ಒಂದು ಗೆಲ್ಲು ನೆಟ್ಟಿದ್ದರು. ಅದು ಚಿಗುರದೆ ಒಣಗಿತ್ತು, ಆದರೂ ನೀರು ಹೊಯ್ಯುತ್ತಿದ್ದರು. ಮಡಿಲಲ್ಲಿ ಹಳೆಯ ನೂಲು. ಹೂವಿಲ್ಲದೆ ಬರೀ ನೂಲಿಗೆ ಬೆರಳು ಗಂಟು ಹಾಕುತ್ತಲೇ ಇತ್ತು.

"ಅಲ್ಲಿ ಗಿಡ ಉಂಟಾ ಮಗಾ?" ಎಂದು ಕೇಳಿದರು.

"ಉಂಟು ಬಾಯಮ್ಮ, ತುಂಬ ಹೂ ಬಿಡ್ತದೆ" ಎಂದೆ. ಕೊಂಡವರು ಅಷ್ಟೂ ಗಿಡಗಳನ್ನು ಬುಡಸಮೇತ ಕಿತ್ತು ಅಂಗಡಿಗಳ ಸಾಲಿಗೆ ಪಾಯ ತೋಡಿ ಆಗಲೇ ಒಂದು ಮಳೆಗಾಲ ಕಳೆದಿತ್ತು. ಬಾಯಮ್ಮ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಹಾಗಾದರೆ ಸುಡುಮಣ್ಣು ಹಾಕಲು ಹೇಳು" ಎಂದು ಮತ್ತೆ ನೂಲು ಹಿಡಿದರು. ಮುಂದಿನ ಮಳೆಗೆ ಅವರು ಇರಲಿಲ್ಲ. ಸುದ್ದಿ ನನಗೆ ಮುಟ್ಟುವಾಗ ತಿಂಗಳಾಗಿತ್ತು.

ಕಳೆದ ವಾರ ನಮ್ಮ ಫ್ಲ್ಯಾಟಿನ ಸಂಘದ ಕಾರ್ಯದರ್ಶಿ ಮನೆಗೆ ಬಂದರು. ಎದುರು ಮನೆಯ ಕುಂಡ, ಬಕೆಟ್ಟು ತೆಗೆಸಬೇಕು, ಮನೆಯ ಮಾಲೀಕರಿಗೆ ಎಲ್ಲರೂ ಸಹಿ ಹಾಕಿ ಒಂದು ಅರ್ಜಿ ಕೊಡಬೇಕು ಎಂದರು. "ನಾಲ್ಕು ದಿನದ ವಾಸನೆ, ಹೋಗಲಿ ಬಿಡಿ" ಎಂದು ಮೆಲ್ಲಗೆ ಹೇಳಿ ನೋಡಿದೆ. "ಹಾಗೆ ಹೇಳಿದರೆ ಹೇಗೆ ಟೀಚರೇ? ನಾವು ನಾವು ಒಟ್ಟಿಗೆ ಇರುವವರಲ್ವಾ? ನಿಮ್ಮ ಅಕ್ಷರ ಚೆಂದ ಉಂಟು, ನೀವೇ ಬರೆದುಕೊಡಿ ಮಾರಾಯ್ರೆ" ಎಂದರು. ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಅವರು ನಗುತ್ತಾ ಪೆನ್ನು ಚಾಚಿದ್ದರು.

ಎದುರು ಮನೆಯವಳ ಹೆಸರು ನನಗೆ ಗೊತ್ತಾದದ್ದೇ ಅದನ್ನು ಅರ್ಜಿಯಲ್ಲಿ ಬರೆಯುವಾಗ. ಇಂದು ಬೆಳಿಗ್ಗೆ ಬಾಲ್ಕನಿ ಖಾಲಿಯಾಗಿದೆ, ಮೆಟ್ಟಿಲಲ್ಲಿ ಫಿನಾಯಿಲಿನ ವಾಸನೆ. ಅರ್ಜಿಯಲ್ಲಿ ಒಂದು ಚೂರೂ ತಪ್ಪಿರಲಿಲ್ಲ. ಅಕ್ಷರ ಚೆಂದ ಬಂದಿತ್ತು.