ಏಳು ಸೀಟಿಗೂ ಒಂದೇ ಬಟ್ಟೆ

ಬಣಕಲ್ ಪೇಟೆಯಲ್ಲಿ ನನ್ನ ಔಷಧಿ ಅಂಗಡಿಗೂ ರುಬೀನಾಳ ಸೀಟ್ ಕವರ್ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಅವಳ ಹೊಲಿಗೆ ಯಂತ್ರ ಓಡಲು ಶುರುವಾದರೆ ನನ್ನ ಕಪಾಟಿನ ಟಾನಿಕ್ ಬಾಟಲಿಗಳು ಗಡಗಡ ಅನ್ನುತ್ತವೆ. ಯಂತ್ರವನ್ನು ಆ ಕಡೆಯ ಗೋಡೆಗೆ ಸರಿಸು ಎಂದು ಎಷ್ಟೋ ಸಲ ಜಗಳ ಆಡಿದ್ದೇನೆ. ಆ ಕಡೆ ಬೆಳಕಿಲ್ಲ, ನಿಮ್ಮ ಬಾಟಲಿಗಳನ್ನೇ ಸರಿಸಿ ಎನ್ನುತ್ತಾಳೆ. ಹೀಗೆ ಇಬ್ಬರೂ ಏನನ್ನೂ ಸರಿಸದೆ ವರ್ಷಗಟ್ಟಲೆ ಅಕ್ಕಪಕ್ಕ ಬಾಳಿಕೊಂಡು ಬಂದಿದ್ದೇವೆ.

ಅಂಗಡಿ ಮೊದಲು ಅವಳ ತಂದೆ ಜಿಯಾಉದ್ದೀನ್ ಸಾಹೇಬರದು. ಜೀಪಿನ ಹುಡ್ಡು ಹೊಲಿಯುವುದರಲ್ಲಿ ಅವರ ಕೈಗೆ ಹೆಸರಿತ್ತು. ಮಳೆಗಾಲ ಹತ್ತಿರ ಬಂತೆಂದರೆ ಎಸ್ಟೇಟ್ ಜೀಪುಗಳು ಅಂಗಡಿಯ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದವು. ಅವರ ಕಣ್ಣು ಮಂಜಾದ ಮೇಲೆ ಮಗಳು ಯಂತ್ರದ ಮುಂದೆ ಕೂತಳು. ಹೆಂಗಸೊಬ್ಬಳು ಲಾರಿಯ ಕ್ಯಾಬಿನ್ ಹತ್ತಿ ಸೀಟಿನ ಅಳತೆ ತೆಗೆಯುವುದು ಪೇಟೆಯಲ್ಲಿ ಕೆಲವರಿಗೆ ಸರಿ ಕಾಣಲಿಲ್ಲ. ಅವಳ ಗಂಡ ಇಜಾಜ್ ಮೆಕ್ಯಾನಿಕ್. ಅವನಿಗೆ ಸರಿ ಕಂಡಿತು. ಉಳಿದವರ ಮಾತಿಗೆ ಉತ್ತರ ಕೊಡಲು ರುಬೀನಾಳಿಗೆ ಬಾಯಿ ಇತ್ತು, ಈಗಲೂ ಇದೆ, ದೇವರು ಧಾರಾಳವಾಗಿಯೇ ಕೊಟ್ಟಿದ್ದಾನೆ.

ಅವಳಿಗೆ ಈ ಲೋಕದಲ್ಲಿ ಹಗೆ ಅಂತ ಇದ್ದರೆ ಅದು ಪ್ಲಾಸ್ಟಿಕ್. ನಮ್ಮ ಕಡೆಯವರು ಹೊಸ ಕಾರು ತಂದರೆ ಸೀಟಿನ ಪ್ಲಾಸ್ಟಿಕ್ ಕೀಳುವುದಿಲ್ಲ. ಹಾಗೇ ಇದ್ದರೆ ಸೀಟು ಹೊಸದಾಗಿಯೇ ಉಳಿಯುತ್ತದೆ ಎಂಬ ನಂಬಿಕೆ. ಮಲೆನಾಡಿನ ಒಂದೇ ಒಂದು ಮಳೆಗಾಲಕ್ಕೆ ಅದರ ಅಡಿಯಲ್ಲಿ ತೇವ ಕೂತು, ಬಟ್ಟೆಗೆ ಬೂಷ್ಟು ಹಿಡಿದು, ಕಾರಿನ ಬಾಗಿಲು ತೆಗೆದರೆ ಮುಗ್ಗಲು ವಾಸನೆ ಹೊಡೆಯುತ್ತದೆ. ಆಮೇಲೆ ಇವಳ ಹತ್ತಿರ ಬರುತ್ತಾರೆ. ಬೈಸಿಕೊಳ್ಳುತ್ತಾರೆ. ಬೈಸಿಕೊಂಡು, ಮನೆಗೆ ಹೋಗಿ ಹೊಸ ಸೋಫಾಕ್ಕೆ ಮತ್ತೆ ಪ್ಲಾಸ್ಟಿಕ್ ಹೊದಿಸುತ್ತಾರೆ.

ಅವಳ ತಾಯಿ ಆಯಿಷಾ ಕೊನೆಯ ಕೆಲವು ವರ್ಷ ಹಾಸಿಗೆ ಹಿಡಿದಿದ್ದರು. ಅಂಗಡಿಯ ಹಿಂದಿನ ಕೋಣೆಯಲ್ಲೇ ಮಲಗಿಸಿಕೊಂಡು, ಯಂತ್ರ ತುಳಿಯುತ್ತ, ನಡುನಡುವೆ ಎದ್ದು ಹೋಗಿ ಬಟ್ಟೆ ಬದಲಿಸಿ ಬರುತ್ತಿದ್ದಳು. ದೊಡ್ಡವರ ಡೈಪರನ್ನು ನಮ್ಮ ಕಡೆ ಯಾರೂ ಹೆಸರು ಹಿಡಿದು ಕೇಳುವುದಿಲ್ಲ. ಬಣಕಲ್‌ನವರು ಅದಕ್ಕಾಗಿ ಮೂಡಿಗೆರೆಗೆ ಹೋಗುತ್ತಾರೆ, ಮೂಡಿಗೆರೆಯವರು ಚಿಕ್ಕಮಗಳೂರಿಗೆ. ರುಬೀನಾ ಮಾತ್ರ ನನ್ನ ಅಂಗಡಿ ತುಂಬ ಜನ ಇರುವಾಗಲೇ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಕೇಳುತ್ತಿದ್ದಳು. ನಾಚಿಕೆಯಾಗುತ್ತಿದ್ದದ್ದು ನನಗೆ.

ಇನ್ನು ಮುಂದಿನದನ್ನು ಬರೆಯಲು ಬಾಳೂರಿನ ತುಂಗಮ್ಮನವರ ಒಪ್ಪಿಗೆ ಇದೆ. ಹೆಸರು ಹಾಕಿಯೇ ಬರಿ ಎಂದಿದ್ದಾರೆ.

ತುಂಗಮ್ಮನವರಿಗೆ ಎಪ್ಪತ್ತು ದಾಟಿದೆ. ಯಜಮಾನರು ಸೋಮಶೇಖರಪ್ಪನವರು, ಸಣ್ಣ ಪ್ರಮಾಣದ ಕಾಫಿ ಬೆಳೆಗಾರರು. ತುಂಗಮ್ಮನವರಿಗೆ ಒಬ್ಬಳೇ ತಂಗಿ, ಸಿದ್ದಮ್ಮ, ಕೊಟ್ಟಿದ್ದು ಕಳಸಕ್ಕೆ. ಹಿಂದೆಲ್ಲ ತಿಂಗಳಿಗೊಮ್ಮೆಯಾದರೂ ಇವರು ಅಲ್ಲಿಗೆ ಹೋಗಬೇಕು, ಇಲ್ಲವೇ ಅವರು ಇಲ್ಲಿಗೆ ಬರಬೇಕು. ಮೂರು ವರ್ಷದ ಹಿಂದೆ ತುಂಗಮ್ಮನವರಿಗೆ ಮೂತ್ರ ತಡೆಯಲಾಗದ ತೊಂದರೆ ಶುರುವಾಯಿತು. ಔಷಧಿಯಿಂದ ಅಷ್ಟಕ್ಕಷ್ಟೇ ಗುಣ ಕಂಡಿತು. ಡೈಪರ್ ಮಾತೆತ್ತಿದರೆ, ಅದನ್ನು ಕಟ್ಟಿಕೊಂಡು ತಿರುಗುವ ಬದಲು ಮನೆಯಲ್ಲೇ ಬಿದ್ದಿರುತ್ತೇನೆ ಎಂದರು. ಬಿದ್ದೂ ಇದ್ದರು. ಬಸ್ಸು ಬಿಟ್ಟರು, ಜೀಪು ಬಿಟ್ಟರು, ಮದುವೆ ಮುಂಜಿ ಬಿಟ್ಟರು. ಯಾರಿಗೂ ಕಾರಣ ಹೇಳಲಿಲ್ಲ, ತಂಗಿಗೂ ಹೇಳಲಿಲ್ಲ. ಇವರು ಹೋಗದಿದ್ದ ಮೇಲೆ ಸಿದ್ದಮ್ಮನೂ ಬರುವುದನ್ನು ನಿಲ್ಲಿಸಿದರು. ಫೋನಿನಲ್ಲಿ ನೀನು ಬಾ, ನೀನೇ ಬಾ ಎಂದಾಗಿ, ಕೊನೆಗೆ ಫೋನೂ ನಿಂತಿತು.

ಆಗ ಸೋಮಶೇಖರಪ್ಪನವರು ಒಂದು ಕ್ಯಾಂಪರ್ ವ್ಯಾನ್ ತಂದರು. ಹೋಂಸ್ಟೇ ಮುಚ್ಚಿದವರೊಬ್ಬರು ಮಾರಿದ್ದು. ಮುಂದೆ ಡ್ರೈವರಿನ ಒಂದೇ ಸೀಟು, ಒಳಗೆ ಎದುರುಬದುರಾಗಿ ಎರಡು ಉದ್ದ ಸೀಟು, ಒಂದೊಂದಕ್ಕೂ ಬೂದಿ ಬಣ್ಣದ ಬಟ್ಟೆ ಹೊದಿಸಿದ ಮೂರು ಮೂರು ಕುಶನ್, ಮಡಚುವ ಮೇಜು, ಹಿಂಬದಿಗೆ ಪುಟ್ಟ ಶೌಚಾಲಯ. ವಯಸ್ಸಾದ ಮೇಲೆ ಇವರಿಗೆ ಶೋಕಿ ಹತ್ತಿತು ಎಂದು ಬಾಳೂರಿನಲ್ಲಿ ನಕ್ಕವರೇ ಹೆಚ್ಚು. ಊರೂರು ಸುತ್ತುತ್ತೇನೆ ಎಂದು ಅವರೂ ಹೇಳಿಕೊಂಡು ತಿರುಗಿದರು. ಅವರಿಗೆ ಬೇಕಾಗಿದ್ದದ್ದು ಹಿಂಬದಿಯ ಆ ಶೌಚಾಲಯ ಒಂದೇ. ಹೆಂಡತಿಯನ್ನು ಕಳಸಕ್ಕೆ ಕರೆದೊಯ್ಯಲು ಅವರಿಗೆ ಕಂಡ ದಾರಿ ಅದು.

ಮಳೆ ಹಿಡಿಯುವ ಮುಂಚೆ ಇಬ್ಬರೂ ಹೊರಟರು. ಅವರು ಓಡಿಸುತ್ತಿದ್ದರು, ತುಂಗಮ್ಮ ಹಿಂದಿನ ಸೀಟಿನ ತುದಿಯಲ್ಲಿ, ಶೌಚಾಲಯದ ಪಕ್ಕದಲ್ಲೇ ಕೂತಿದ್ದರು. ಕಳಸದ ದಾರಿ ಎಂಥದ್ದೆಂದು ಹೋದವರಿಗೆ ಗೊತ್ತು. ಒಂದು ತಿರುವು ಮುಗಿಯುವ ಮುಂಚೆ ಇನ್ನೊಂದು. ಹಿಂದೆ ಬಸ್ಸು ಹಾರನ್ ಹೊಡೆಯುತ್ತಿತ್ತು, ವ್ಯಾನು ನಿಲ್ಲಿಸಲು ಜಾಗ ಇರಲಿಲ್ಲ, ಓಲಾಡುವ ವ್ಯಾನಿನಲ್ಲಿ ತುಂಗಮ್ಮನವರಿಗೆ ಎದ್ದು ನಿಲ್ಲಲೂ ಆಗಲಿಲ್ಲ. ಸೀಟು ಒದ್ದೆಯಾಯಿತು. ಅರ್ಧ ದಾರಿಯಿಂದ ವಾಪಸ್ ಬಂದರು. ಸೋಮಶೇಖರಪ್ಪನವರು ತಾವೇ ಸೋಪಿನ ನೀರು ಸುರಿದು ಸೀಟು ಉಜ್ಜಿದರು. ಮಾರನೆಯ ದಿನ ತುಂಗಮ್ಮ ವ್ಯಾನಿನ ಬಾಗಿಲು ತೆಗೆದು ನೋಡಿದರೆ, ತಾವು ಕೂತ ಜಾಗಕ್ಕೆ ಮಾತ್ರ ನೀಲಿ ಟಾರ್ಪಾಲ್ ಕತ್ತರಿಸಿ ಹೊದಿಸಿತ್ತು. ಬಾಗಿಲು ಹಾಕಿ ಒಳಗೆ ಹೋದರು. ಆಮೇಲೆ ಮಳೆಗಾಲ ಪೂರ್ತಿ ವ್ಯಾನು ಶೆಡ್ಡಿನಲ್ಲೇ ನಿಂತಿತು.

ಮಳೆ ಹಿಂದೆ ಸರಿದು, ಇನ್ನೇನು ಅರೇಬಿಕಾ ಹಣ್ಣಾಗಬೇಕು ಅನ್ನುವಾಗ ಸೋಮಶೇಖರಪ್ಪನವರು ವ್ಯಾನನ್ನು ರುಬೀನಾಳ ಅಂಗಡಿಗೆ ತಂದರು. ಟಾರ್ಪಾಲ್ ಎತ್ತಿದರೆ ಕುಶನ್ನಿನ ಮೇಲೆ ಹಸಿರು ಬೂಷ್ಟು. ಕಾಫಿ ಚೆಲ್ಲಿತ್ತು ಕಣಮ್ಮ, ಎಂದರು. ನನ್ನ ಅಂಗಡಿಯ ಬಾಗಿಲಲ್ಲಿ ನಿಂತು ನಾನು ಕಾಯುತ್ತಿದ್ದೆ, ಈಗ ಬೈಗುಳ ಶುರುವಾಗುತ್ತದೆ ಎಂದು. ಶುರುವಾಗಲೇ ಇಲ್ಲ. ಕುಶನ್ನಿನ ಹತ್ತಿರ ಬಗ್ಗಿ ಮೂಸಿದವಳು, ಆಗ್ಲಿ ಅಣ್ಣ, ಬಿಟ್ಟು ಹೋಗಿ, ಎಂದಳು. ಅದು ಕಾಫಿಯ ವಾಸನೆಯಲ್ಲ ಎನ್ನುವುದು ಅವಳಿಗೆ ತಿಳಿಯದಿರುತ್ತದೆಯೇ?

ಮಾರನೆಯ ದಿನ ಬಿಸಿಲು ಚೆನ್ನಾಗಿತ್ತು. ಮೂಗಿಗೆ ದುಪಟ್ಟಾ ಕಟ್ಟಿಕೊಂಡು, ಕುಶನ್ನನ್ನು ರಸ್ತೆ ಬದಿಗೆ ತಂದು, ಒಣಗಿದ ಬ್ರಷ್ಷಿನಿಂದ ಬೂಷ್ಟು ಉದುರಿಸಿದಳು. ನೀರು ತಾಗಿಸುವ ಮುಂಚೆ ಉದುರಿಸದಿದ್ದರೆ ಅದು ಇನ್ನೂ ಒಳಕ್ಕೆ ಇಳಿಯುತ್ತದಂತೆ. ಬಟ್ಟೆ ಬಿಚ್ಚಿ ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಹಾಕಿದಳು, ಕಲೆ ಹೋಗಲಿಲ್ಲ. ವಾಸನೆ ಕುಡಿದಿದ್ದ ಫೋಮನ್ನು ಎಸೆದು ಹೊಸದು ಹಾಕಿದಳು. ಅದರ ಮೇಲೆ, ಎಳೆ ಮಕ್ಕಳ ಕೆಳಗೆ ಹಾಸುವಂಥ ನೀರಿಳಿಯದ ಮೆತ್ತನೆಯ ಬಟ್ಟೆ. ಅದರ ಮೇಲೆ ಟವೆಲಿನ ಹಾಗೆ ನೀರು ಹೀರುವ ಬಟ್ಟೆ. ಎಲ್ಲಕ್ಕೂ ಮೇಲೆ, ಜಿಪ್ ಎಳೆದರೆ ಬಿಚ್ಚಿ ಬರುವ, ಒಗೆದು ಮತ್ತೆ ಹಾಕಬಹುದಾದ ದಪ್ಪ ಹತ್ತಿಯ ಕವರು. ಕೂತರೆ ಸದ್ದಿಲ್ಲ, ಜಾರುವುದಿಲ್ಲ. ಕವರಿನ ಬಣ್ಣ ಚಿಗುರು ಹಸಿರು. ತನ್ನ ತಾಯಿಗೆ ಹಾಸಿಗೆ ಹೊಲಿಯುವಾಗ ಕಲಿತದ್ದನ್ನೆಲ್ಲ ಈ ಒಂದು ಕುಶನ್ನಿಗೆ ಹಾಕಿದ್ದಳು. ನನ್ನನ್ನು ಕರೆದು ಕೂರಿಸಿಯೂ ತೋರಿಸಿದಳು. ಬಹಳ ಹೆಮ್ಮೆಪಟ್ಟಳು. ಉಳಿದ ಐದು ಕುಶನ್ನಿಗೆ ಏನೂ ಆಗಿರಲಿಲ್ಲ, ಹಾಗಾಗಿ ಅವನ್ನು ಮುಟ್ಟಲಿಲ್ಲ.

ವ್ಯಾನು ಒಯ್ಯಲು ಸೋಮಶೇಖರಪ್ಪನವರು ಹೆಂಡತಿಯನ್ನೂ ಜೀಪಿನಲ್ಲಿ ಕರೆತಂದರು. ಬಹಳ ಹೇಳಿ ಒಪ್ಪಿಸಿರಬೇಕು. ತುಂಗಮ್ಮ ವ್ಯಾನಿನ ಮೆಟ್ಟಿಲು ಹತ್ತಿ ಒಳಗೆ ನೋಡಿದರು. ಐದು ಬೂದಿ ಬಣ್ಣ, ತುದಿಗೆ ಒಂದು ಹಸಿರು. ಆ ಹಸಿರಿನ ಮೇಲೆ ಒಮ್ಮೆ ಕೈ ಆಡಿಸಿದರು.

"ಕೆಲಸ ಚೆನ್ನಾಗಿದೆ ರುಬೀನಾ," ಎಂದರು. "ನಾನು ಎಲ್ಲಿ ಕೂರ್ಬೇಕು ಅಂತ ನೀನೂ ಗುರುತು ಮಾಡಿಟ್ಯಲ್ಲ."

ಇಳಿದು ಹೋಗಿ ಜೀಪಿನಲ್ಲಿ ಕೂತರು. ದನಿ ಏರಿಸಲಿಲ್ಲ, ಮುಖ ಸಿಂಡರಿಸಲಿಲ್ಲ. ರುಬೀನಾಳ ಮುಖ ಬೆಪ್ಪಾಗಿತ್ತು. ನಾನು ಅವಳನ್ನು ಇಷ್ಟು ವರ್ಷದಿಂದ ಬಲ್ಲೆ, ಹಾಗೆ ಸೋತು ನಿಂತಿದ್ದನ್ನು ನೋಡಿರಲಿಲ್ಲ. ಸೋಮಶೇಖರಪ್ಪನವರು ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕೂತರು. ಟಾರ್ಪಾಲ್ ಹಾಸಿದ್ದು ತಾವೇ ಎಂದರು. ಹೆಂಡತಿ ಹೆದರದೆ ಕೂರಲಿ ಎಂದು ಹಾಸಿದ್ದಂತೆ.

"ಕಣದಲ್ಲಿ ಕಾಫಿ ಹರಡಿರ್ತೀವಿ, ಮೋಡ ಕಂಡ ಕೂಡ್ಲೆ ಟಾರ್ಪಾಲ್ ಎಳೀತೀವಿ. ಜೀವಮಾನ ಪೂರ್ತಿ ಅದನ್ನೇ ಮಾಡಿದ್ದು ನಾನು. ಅವ್ಳ ಕೆಳಗೂ ಅದನ್ನೇ ಹಾಸ್ದೆ. ಅವ್ಳಿಗೆ ಹೆಂಗೆ ಕಾಣ್ತದೆ ಅಂತ ಯೋಚ್ನೆ ಮಾಡ್ಲಿಲ್ಲ," ಎಂದರು. ಕಣ್ಣು ಒರೆಸಿಕೊಂಡರು.

ಬೆಳೆಗಾರನೆಂದರೆ ಹಾಗೇ. ಪಂಪ್‌ಸೆಟ್ಟು, ಸೌದೆ, ಗೊಬ್ಬರ, ಕೆಟ್ಟು ನಿಂತ ಜೀಪು, ಯಾವುದರ ಮೇಲೆ ಪ್ರೀತಿ ಇದೆಯೋ ಅದಕ್ಕೆಲ್ಲ ಟಾರ್ಪಾಲ್ ಹೊದಿಸುತ್ತಾನೆ. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನ್ನಿಸಿತು. ರುಬೀನಾ ಮಾತ್ರ, ನಾನೂ ಮಾಡಿದ್ದು ಅದನ್ನೇ ಅಲ್ವಾ ಅಣ್ಣ, ಬಣ್ಣ ಚೆನ್ನಾಗಿತ್ತು ಅಷ್ಟೇ, ಎಂದು ವ್ಯಾನಿನ ಕೀ ತಿರುಗಿ ಇಸಿದುಕೊಂಡಳು.

ಆ ವಾರ ನನ್ನ ಟಾನಿಕ್ ಬಾಟಲಿಗಳಿಗೆ ಬಿಡುವೇ ಇರಲಿಲ್ಲ. ಉಳಿದ ಐದೂ ಕುಶನ್ ಬಿಚ್ಚಿದಳು. ಆರಕ್ಕೂ ಅದೇ ಮೆತ್ತನೆಯ ಬಟ್ಟೆ, ಅದೇ ಹೀರುವ ಬಟ್ಟೆ, ಅದೇ ಚಿಗುರು ಹಸಿರಿನ ಕವರು. ಅಷ್ಟಕ್ಕೆ ನಿಲ್ಲಿಸುತ್ತಾಳೆ ಎಂದುಕೊಂಡೆ. ಡ್ರೈವರ್ ಸೀಟನ್ನೂ ಬಿಚ್ಚಿ ಅದಕ್ಕೂ ಹಾಗೇ ಹೊಲಿದಳು. ಅದು ಯಾಕೆ ಎಂದು ಕೇಳಿದ್ದಕ್ಕೆ, ಅದೊಂದು ಬೇರೆ ಬಣ್ಣ ಇದ್ದರೆ ಅದೂ ಗುರುತೇ ಆಗುತ್ತದೆ ಎಂದಳು.

ತುಂಗಮ್ಮ ಇನ್ನು ಅಂಗಡಿಗೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಇಜಾಜನ ಕೈಲಿ ವ್ಯಾನು ಓಡಿಸಿಕೊಂಡು ತಾನೇ ಬಾಳೂರಿಗೆ ಹೋದಳು. ಅಂಗಳದಲ್ಲಿ ನಿಲ್ಲಿಸಿ, ಒಳಗೆ ಹೋಗಿ, ತುಂಗಮ್ಮನವರ ಕೈ ಹಿಡಿದು ಕರೆತಂದಳು. ಯಾವ ಸೀಟು ಒದ್ದೆಯಾಗಿತ್ತು ಎಂದು ಈಗ ಹೊಲಿದವಳಿಗೇ ಗೊತ್ತಾಗುವುದಿಲ್ಲ ಎಂದಳಂತೆ. ಜಿಪ್ ಎಳೆದು ಕವರು ಬಿಚ್ಚುವುದು, ಒಣಗಿದ ಮೇಲೆ ಹಾಕುವುದು ತೋರಿಸಿದಳು. ಆಮೇಲೆ ತನ್ನ ತಾಯಿಯ ಮಾತು ತೆಗೆದಳು. ಹಾಸಿಗೆ ಒದ್ದೆಯಾದ ದಿನವೆಲ್ಲ ಆಯಿಷಾ ಮಗಳಿಗೆ ಬೆನ್ನು ಹಾಕಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದರಂತೆ. ಬಟ್ಟೆ ಎಷ್ಟು ಒಗೆದರೂ ಅವಳಿಗೆ ಬೇಸರ ಆಗಲಿಲ್ಲ, ಆ ಬೆನ್ನು ನೋಡುವುದೇ ಕಷ್ಟವಾಗಿತ್ತು.

"ನೀವು ಹಂಗೆ ಮನೆ ಗೋಡೆ ನೋಡ್ಕೊಂಡು ಕೂರ್ಬೇಡಿ ಅಮ್ಮ," ಎಂದಳಂತೆ. "ಒದ್ದೆ ಆದ್ರೆ ಒಗೆಯೋದು. ಬಟ್ಟೆ ಇರೋದೇ ಅದಕ್ಕೆ."

ತುಂಗಮ್ಮ ಮಡಚುವ ಮೇಜಿನ ಪಕ್ಕದಲ್ಲಿ, ಕಿಟಕಿ ಇರುವ ಕಡೆ ಕೂತು ಸ್ವಲ್ಪ ಹೊತ್ತು ಹೊರಗೆ ನೋಡಿದರಂತೆ.

ಎರಡು ದಿನ ಕಳೆದು, ಊಟದ ಹೊತ್ತು ದಾಟಿದ ಮೇಲೆ ರುಬೀನಾಳ ಫೋನ್ ರಿಂಗಾಯಿತು. ಕಳಸದಿಂದ ತುಂಗಮ್ಮ. ಕೈಯಲ್ಲಿ ಬಟ್ಟೆ ಹಿಡಿದಿದ್ದ ರುಬೀನಾ ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟಳು. ಯಂತ್ರ ನಿಂತಿದ್ದರಿಂದ ನನಗೆ ಎಲ್ಲ ಕೇಳುತ್ತಿತ್ತು, ಕೊನೆಗೆ ಎದ್ದು ಅವಳ ಅಂಗಡಿಗೇ ಹೋಗಿ ನಿಂತೆ.

ತುಂಗಮ್ಮ ಹೇಳಿದ್ದು ಇಷ್ಟು. ಹಿಂದಿನ ದಿನ ಕಳಸ ಮುಟ್ಟಿದರು. ದಾರಿಯಲ್ಲಿ ಮತ್ತೆ ಹಾಗೇ ಆಯಿತು. ಈ ಸಲ ವಾಪಸ್ ತಿರುಗಿಸಿ ಅನ್ನಲಿಲ್ಲ, ಹೋಗಲಿ ಬಿಡಿ ಎಂದು ಸೀರೆ ಬದಲಿಸಿ, ಪಕ್ಕದ ಕುಶನ್ನಿಗೆ ಜರುಗಿ ಕೂತರು. ಸಿದ್ದಮ್ಮ ಮೊದಲು ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ವ್ಯಾನು ನೋಡಲು ಬಂದರು. ಭದ್ರಾ ತೀರದವರೆಗೆ ಒಂದು ಸುತ್ತು ಹೋಗಿ ಬರೋಣ, ಕೂತುಕೋ ಎಂದರೆ, ಬೇಡ, ನಿಂತೇ ಇರುತ್ತೇನೆ, ಕಾಲು ಹಿಡಿದುಕೊಳ್ಳುತ್ತದೆ ಎಂದರು. ಓಡುವ ವ್ಯಾನಿನಲ್ಲಿ ಯಾರಾದರೂ ನಿಲ್ಲುತ್ತಾರೆಯೇ? ತುಂಗಮ್ಮ ತಂಗಿಯ ಮುಖ ನೋಡಿದರು. ಕಂಡವರ ಮನೆ ಸೋಫಾದಲ್ಲಿ ಕೂರಲು ಹೆದರಿ ತಾವೂ ಅದೇ ಮಾತು ಹೇಳಿ ನಿಂತದ್ದುಂಟು. ಏನೂ ಕೇಳದೆ, ಬಗ್ಗಿ, ಕುಶನ್ನಿನ ಜಿಪ್ ಎಳೆದು ಒಳಗಿನ ಬಟ್ಟೆ ತೋರಿಸಿದರು. ಸಿದ್ದಮ್ಮ ಅದರ ಮೇಲೆ ಕೂತು ಗಳಗಳ ಅತ್ತರಂತೆ. ಆಮೇಲೆ ಕೂತೇ ಭದ್ರಾ ತೀರಕ್ಕೂ ಹೋಗಿ ಬಂದರಂತೆ.

"ಎರಡು ಕವರ್ ಒಗ್ದು ಇಲ್ಲಿ ಅಂಗಳದಲ್ಲಿ ಹಾಕಿದೀನಿ ರುಬೀನಾ," ಎಂದರು ತುಂಗಮ್ಮ. "ಒಂದು ನಂದು. ಇನ್ನೊಂದು ಸಿದ್ದೀದು."

ರುಬೀನಾ ಕೈಯಲ್ಲಿದ್ದ ಬಟ್ಟೆಯಿಂದಲೇ ಕಣ್ಣು ಒರೆಸಿಕೊಂಡಳು. ಫೋನಿನ ಆ ಕಡೆಯಿಂದ ಸಿದ್ದಮ್ಮ ಏನೋ ಹೇಳಿದ್ದು, ಅಕ್ಕ ಅದಕ್ಕೆ ನಕ್ಕದ್ದು ಕೇಳಿಸಿತು.

"ಮೂರು ವರ್ಷ ಕಣೆ ಮಾರಾಯ್ತಿ," ಎಂದರು ತುಂಗಮ್ಮ. "ಇವ್ಳಿಗೆ ಸೊಕ್ಕು, ಅದಕ್ಕೇ ಬರೋದಿಲ್ಲ ಅಂತ ನಾನು ಅಂದ್ಕೊಂಡಿದ್ದೆ. ಇವ್ಳೂ ನನ್ನ ಬಗ್ಗೆ ಹಂಗೇ ಅಂದ್ಕೊಂಡು ಕೂತಿದ್ಲು."