ಎಮ್ಮಿ ಆಯಿ ಚೆಲ್ಲಿಸಿದ ಹಾಲು

ಅಕ್ಷತಾ, ಸಂಜು,

ಮೊನ್ನೆ ಓಣಿಯ ತುದಿಯ ಮನೆಯವರು ಎಮ್ಮೆ ಈದಿದೆ ಎಂದು ಡಬ್ಬಿಯ ತುಂಬ ಗಿಣ್ಣ ಕೊಟ್ಟು ಹೋದರು. ನಿಮ್ಮವ್ವ ಮುಚ್ಚಳ ತೆಗೆದ ಕೂಡಲೇ ಬೆಲ್ಲ, ಯಾಲಕ್ಕಿ, ಅವುಗಳ ಕೆಳಗೆ ಅಡಗಿದ ಆ ದಪ್ಪ ಹಾಲಿನ ವಾಸನೆ ಅಡಿಗೆಮನೆಯಿಂದ ನಾನು ಮಲಗುವ ಹೊರಸಿನವರೆಗೂ ಬಂತು. ನೀವಿಬ್ಬರೂ ಬಟ್ಟಲು ನೆಕ್ಕುತ್ತ, "ಹಲ್ಲಿಲ್ಲದವರಿಗಂತನ ಮಾಡಿದಂಗ ಐತಿ, ನೀ ಯಾಕ ಒಲ್ಲೆ ಅಂತಿ ಅಜ್ಜಿ?" ಎಂದು ನಕ್ಕಿರಿ. ನಾನೂ ನಕ್ಕು ಸುಮ್ಮನಾದೆ. ಎದುರಿಗೆ ಕೂತು ಹೇಳುವುದು ನನ್ನಿಂದ ಆಗುವ ಕೆಲಸವಲ್ಲ. ನಾಲ್ಕು ಜನರ ಮುಂದೆ ಬಾಯಿ ಬಿಟ್ಟವಳೇ ಅಲ್ಲ ನಾನು. ಊರ ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆಯ ತನಕ ಕಲಿತದ್ದಿದೆ. ಬರೆದರೆ ಮಾತು ತಡವರಿಸುವುದಿಲ್ಲ.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ನಾನು ಮದುವೆಯಾಗಿ ಸಂಶಿಯ ಹತ್ತಿರದ ಈ ಹಳ್ಳಿಗೆ ಬಂದ ಹೊಸತು. ನಮಗೂ ಬಾಜು ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ ಇತ್ತು. ಅದರಲ್ಲೊಂದು ಕಿಂಡಿ. ಕೆಂಡ, ಹೆಪ್ಪು, ಊರ ಸುದ್ದಿ ಎಲ್ಲವೂ ಆ ಕಿಂಡಿಯಲ್ಲೇ ಹೋಗಿಬರುತ್ತಿದ್ದವು. ಆ ಮನೆಯ ಮುದುಕಿ ಎರಡು ಎಮ್ಮೆ ಕಟ್ಟಿದ್ದಳು. ಗಂಡ ಯಾವಾಗಲೋ ತೀರಿಹೋಗಿದ್ದ. ಊರವರೆಲ್ಲ ಆಕೆಯನ್ನು ಎಮ್ಮಿ ಆಯಿ ಎನ್ನುತ್ತಿದ್ದರು. ನನಗೂ ಆಯಿ ಆದಳು. ಅತ್ತೆಯ ಮುಂದೆ ತಲೆ ಎತ್ತದ ನಾನು ಆ ಕಿಂಡಿಯ ಮುಂದೆ ಮಾತ್ರ ಎರಡು ಮಾತಾಡುತ್ತಿದ್ದೆ.

ಎಮ್ಮೆ ಈದ ದಿನ ಆಯಿಯನ್ನು ನೋಡಬೇಕಿತ್ತು... ಕರು ಎದ್ದು ನಿಂತು, ಹೊಟ್ಟೆ ತುಂಬ ಗಿಣ್ಣ ಕುಡಿದು, ಬಾಲ ಅಲ್ಲಾಡಿಸುವವರೆಗೆ ಯಾರೂ ಚರಿಗೆ ಹಿಡಿದು ಹತ್ತಿರ ಬರುವಂತಿರಲಿಲ್ಲ. ಚಹಾದಂಗಡಿಯವನು ಬಂದು ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂಡುತ್ತಿದ್ದ.

"ಆಯಿ, ಈ ಸಲ ಮೊದಲನೇ ಗಿಣ್ಣ ನನಗ. ಹೋದ ಸಲ ನೀರಿನಂಥಾದ್ದು ಕೊಟ್ಟಿ."

"ಮೊದಲನೇದು ಇವತ್ತ ಹುಟ್ಟಿದವರಿಗೆ. ನೀ ಏನ ಇವತ್ತ ಹುಟ್ಟಿಯೇನಲೇ? ಬಾಯಿತುಂಬ ಹಲ್ಲ ಅದಾವ, ರೊಟ್ಟಿ ಕಡಿ ಹೋಗ."

ಅವನು ಹೋದ ಮೇಲೆ ನನಗೆ ಹೇಳುತ್ತಿದ್ದಳು: "ದೊಡ್ಡಮನಿಯವರು ಆಸೆಬುರುಕರು. ಕರಾ ಬಿಡದ ಪೂರಾ ಹಿಂಡಿಕೊಂಡ್ರು. ಏನಾತು? ಭೇದಿ ಹತ್ತಿ ಸತ್ತಿತು ಕರಾ. ಗಿಣ್ಣ ಹೊಟ್ಟ್ಯಾಗ ಬೀಳಲಿಲ್ಲಂದ್ರ ಅದಕ್ಕ ಕಸುವು ಎಲ್ಲಿಂದ ಬರಬೇಕಬೇ?"

ಆಯಿ ಹಡೆದ ಕೂಸುಗಳಲ್ಲಿ ಉಳಿದವಳು ಒಬ್ಬಳೇ ಮಗಳು. ಮಿಕ್ಕವೆಲ್ಲ ಹುಟ್ಟಿದ ವಾರ ಹದಿನೈದು ದಿನದೊಳಗೇ ಹೋಗಿದ್ದವು. ಎಷ್ಟು ಎಂದು ಆಕೆ ಹೇಳುತ್ತಿರಲಿಲ್ಲ, ನಾನು ಕೇಳಲೂ ಇಲ್ಲ. ಹಿತ್ತಲ ಆಚೆಯ ಹೊಲದ ಬದುವಿನಲ್ಲಿ ಸಾಲಾಗಿ ಇಟ್ಟ ಸಣ್ಣ ಕಲ್ಲುಗಳಿದ್ದವು. ಗಳೆ ಹೊಡೆಯುವವರು ಅಲ್ಲಿಗೆ ಬಂದಾಗ ಎತ್ತುಗಳನ್ನು ಈಚೆಗೆ ತಿರುಗಿಸಿಕೊಳ್ಳುತ್ತಿದ್ದರು.

ಆ ವರ್ಷ ಮಗಳು ಚೊಚ್ಚಲ ಬಾಣಂತನಕ್ಕೆ ಬಂದಳು. ಆಯಿಗೆ ಬೇರೆ ಯಾವ ಮಾತೂ ಇಲ್ಲದಂತಾಯಿತು. ಹಳೆಯ ಇಳಕಲ್ ಸೀರೆ ಹರಿದು ಕುಂಚಿಗೆ ಹೊಲಿದಳು. ಬಾಣಂತಿ ಕೋಣೆಯನ್ನು ತಾನೇ ಸಾರಿಸಿದಳು. "ಹೆಣ್ಣರ ಆಗಲಿ, ಗಂಡರ ಆಗಲಿ ತಂಗಿ, ಇದೊಂದು ಉಳೀಲಿ. ನನ್ನ ಕೈಯಾಗ ಒಂದರ ಕೂಸು ಬೆಳೀಲಿ" ಎನ್ನುತ್ತಿದ್ದಳು.

ಹೆಣ್ಣು ಕೂಸು ಹುಟ್ಟಿತು. ಅದೇ ವಾರ ಆಕೆಯ ಕರಿ ಎಮ್ಮೆಯೂ ಈದಿತ್ತು. ಕೂಸು ಗಟ್ಟಿ ದನಿಯಲ್ಲಿ ಅತ್ತಿತು. ಸೂಲಗಿತ್ತಿ, "ಇದು ಉಳಿಯೂ ಅಳು ಐತಿ ನೋಡ" ಎಂದಳು. ಬೆಲ್ಲದ ನೀರಿನಲ್ಲಿ ಅರಿವೆಯ ಬತ್ತಿ ಅದ್ದಿ ಆಯಿ ಕೂಸಿನ ಬಾಯಿಗೆ ಇಟ್ಟಳು. ಹೊಟ್ಟೆಯ ಕಸ ಹೋಗಲಿ ಎಂದು ಹನಿ ಔಡಲೆಣ್ಣೆ ನೆಕ್ಕಿಸಿದಳು. ಆಮೇಲೆ ಮಗಳ ಎದೆಯ ಹಾಲನ್ನು ಒಂದು ಬಟ್ಟಲಿಗೆ ಹಿಂಡಿ ತೆಗೆದಳು. ಒಂಬತ್ತು ತಿಂಗಳು ಒಳಗೇ ನಿಂತು ಕೆಟ್ಟ ಹಾಲು ಅದು, ಕೂಸಿಗೆ ನಂಜು ಎಂದು ನಮ್ಮಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಬಿಳಿ ಹಾಲು ಬರುವವರೆಗೆ ಕೂಸಿಗೆ ಆಡಿನ ಹಾಲು.

ಆ ಬಟ್ಟಲನ್ನು ಚೆಲ್ಲಿ ಬರಲು ಆಯಿ ನನ್ನ ಕೈಗೆ ಕೊಟ್ಟಳು. ಯಾರೂ ತುಳಿಯದ ಕಡೆ, ಇರುವೆ ಹತ್ತದ ಕಡೆ ಹಾಕಬೇಕು. ಅರಿಷಿಣ ಕದಡಿದ ಹಾಗೆ ಹಳದಿ, ಬೆರಳಿಗೆ ಅಂಟುವಷ್ಟು ದಪ್ಪ. ನೋಡಿದವಳೇ ನನಗರಿಯದೆ ಅಂದುಬಿಟ್ಟೆ:

"ಗಿಣ್ಣ ಇದ್ದಂಗ ಐತ್ರಿ ಆಯಿ."

ಆಯಿ, ಸೂಲಗಿತ್ತಿ, ಮಲಗಿದ್ದ ಮಗಳು, ಮೂವರೂ ನಕ್ಕರು. "ಹುಚ್ಚಿ, ನನ್ನ ಮಗಳೇನ ಎಮ್ಮೀನ? ಹೋಗ, ಬೇವಿನ ಬುಡಕ್ಕ ಹಾಕಿ ಬಾ" ಎಂದಳು ಆಯಿ. ನನಗೆ ನಾಚಿಕೆಯಾಯಿತು. ಹಾಕಿ ಬಂದೆ.

ಐದನೆಯ ದಿನದ ಪೂಜೆ ಆಯಿತು. ಹಣೆಬರಹ ಬರೆಯುವ ತಾಯಿ ಬಂದು ಹೋದಳು ಎಂದು ಆಯಿ ಸಮಾಧಾನಪಟ್ಟಳು. ಅದರ ಮರುದಿನವೇ ಕೂಸಿಗೆ ಭೇದಿ ಹತ್ತಿತು. ಬಜೆ ತೇಯ್ದು ಹಾಕಿದರು, ಗುಡಿಯ ಅಂಗಾರ ತಂದು ಹಣೆಗೆ ಹಚ್ಚಿದರು. ಅಷ್ಟೊತ್ತಿಗೆ ಬಿಳಿ ಹಾಲು ಬಂದಿತ್ತು, ಆದರೆ ಕೂಸಿಗೆ ಚೀಪುವ ತ್ರಾಣ ಇರಲಿಲ್ಲ. ನೆತ್ತಿ ಕುಳಿಬಿತ್ತು. ಆ ಗಟ್ಟಿ ಅಳು ಬೆಕ್ಕಿನ ಮರಿಯ ದನಿಯಷ್ಟಾಯಿತು...

ನಿಮ್ಮ ಅಜ್ಜ ಚಕ್ಕಡಿ ಹೂಡಿದರು. ಆಯಿಯ ಮಗಳನ್ನು ಹಿಡಿದುಕೊಂಡು ಕೂಡಲು ನಾನೂ ಹೋದೆ. ಆಯಿ ಕೂಸನ್ನು ಎದೆಗೆ ಅವಚಿಕೊಂಡು ದಾರಿಯುದ್ದಕ್ಕೂ ಅದರ ಮೂಗಿನ ಹತ್ತಿರ ಬೆರಳು ಹಿಡಿದೇ ಇದ್ದಳು. ದವಾಖಾನೆ ಮುಟ್ಟಿದಾಗ ಕೂಸು ಇನ್ನೂ ಉಸಿರಾಡುತ್ತಿತ್ತು. ಸ್ವಲ್ಪ ಹೊತ್ತು ಮಾತ್ರ. ನರ್ಸಬಾಯಿ ಕೈಲಾದದ್ದನ್ನು ಮಾಡಿದಳು, ಆಮೇಲೆ ಕೂಸಿನ ಮುಖ ಒರೆಸಿ ಆಯಿಯ ಕೈಗೆ ಕೊಟ್ಟಳು. ಮಂಗಳೂರ ಕಡೆಯವಳು, ಸಣ್ಣ ವಯಸ್ಸಿನವಳು. ದಣಿದಿದ್ದಳು.

"ಹುಟ್ಟಿದಾಗಿನಿಂದ ಏನು ಕುಡಿಸಿದಿರಿ?"

"ಬೆಲ್ಲದ ನೀರು, ಔಡಲೆಣ್ಣಿ, ಆಡಿನ ಹಾಲ್ರಿ. ಏನೂ ಕಡಿಮಿ ಮಾಡಿಲ್ರಿ ಬಾಯಾರ."

"ತಾಯಿಯ ಹಾಲು?"

"ಕೆಟ್ಟ ಹಾಲು ಪೂರಾ ಹಿಂಡಿ ತಗದೇವ್ರಿ. ಬಿಳೇದು ಬಂದಮ್ಯಾಲೆ ಹಚ್ಚೇವಿ."

"ಅದು ಕೆಟ್ಟ ಹಾಲಲ್ಲ ಅಮ್ಮ" ಎಂದಳು ನರ್ಸಬಾಯಿ. ಬೈಯಲಿಲ್ಲ, ಮೆಲ್ಲಗೇ ಹೇಳಿದಳು. "ರೋಗ ತಡೆಯುವ ಶಕ್ತಿ ಇರುವುದೇ ಆ ಹಳದಿ ಹಾಲಿನಲ್ಲಿ. ಹುಟ್ಟಿದ ಕೂಡಲೇ ಅದನ್ನು ಕುಡಿಸಬೇಕಿತ್ತು."

ಆಯಿ ಕೂಸಿನ ಕುಂಚಿಗೆ ಸರಿಮಾಡಿದಳು. ಆಮೇಲೆ ಕೇಳಿದಳು. "ಕರಾಕ್ಕ ಗಿಣ್ಣ ಇದ್ದಂಗ ಏನ್ರಿ ಅದು?"

"ಹೌದು, ಹಾಗೇ."

"ಎಲ್ಲಾ ಕೂಸಿಗೂ?"

"ಎಲ್ಲಾ ಮಕ್ಕಳಿಗೂ ಒಂದೇ ಅಮ್ಮ."

ಯಾವ ಕೂಸುಗಳನ್ನು ನೆನೆದು ಆಯಿ ಕೇಳಿದಳೆಂದು ನರ್ಸಬಾಯಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಬೇರೆ ಮುದುಕಿಯಾಗಿದ್ದರೆ ಇದ್ದೀತು ಬಿಡು ಎಂದು ಮರೆಯುತ್ತಿದ್ದಳೇನೋ. ಎಮ್ಮೆ ಕಟ್ಟಿ ಜೀವ ತೇಯ್ದವಳಿಗೆ ಎರಡನೆಯ ಸಲ ಹೇಳಬೇಕಾಗಿರಲಿಲ್ಲ. ಮಗಳೂ ಅಲ್ಲೇ ಕೂತು ಎಲ್ಲ ಕೇಳಿದಳು. ಬಾಣಂತನ ಮುಗಿಸಿಕೊಂಡು ಗಂಡನ ಮನೆಗೆ ಹೋದವಳು ಮತ್ತೆ ಹಡೆಯಲು ತವರಿಗೆ ಬರಲಿಲ್ಲ.

ಆಯಿ ಒಂದು ಆಸೆಯನ್ನು ಮಾತ್ರ ಹಿಡಿದುಕೊಂಡಿದ್ದಳು. ನರ್ಸಬಾಯಿಯ ಮಾತು ಸುಳ್ಳಿರಬೇಕು. ಕಿಂಡಿಯ ಆಚೆಯಿಂದ ಒಮ್ಮೊಮ್ಮೆ, "ಅಕಿ ಸಣ್ಣಾಕಿ, ಮದಿವೀನೂ ಆಗಿಲ್ಲ. ಅಕಿಗೇನ ತಿಳೀತೈತಿ ಹಾಲಿಂದು?" ಎನ್ನುತ್ತಿದ್ದಳು. ನಾನು, "ಹೌದ್ರಿ ಆಯಿ" ಎನ್ನುತ್ತಿದ್ದೆ.

ಮುಂದಿನ ವರ್ಷ ನಾನು ಹಡೆದೆ. ನನಗೆ ತಾಯಿ ಇರಲಿಲ್ಲ, ಬಾಣಂತನ ಇಲ್ಲೇ ಆಯಿತು. ಆಯಿ ಬಾಗಿಲಿಗೆ ಬಂದಾಗ ನಮ್ಮತ್ತೆ ಒಳಗೆ ಬಿಡಲಿಲ್ಲ. "ನಿನ್ನ ಕೈಗುಣ ಊರಿಗೇ ಗೊತ್ತೈತಿ. ಹಡದ ಮನಿಗೆ ಕಾಲಿಡಬ್ಯಾಡ" ಎಂದರು. ಆಯಿ ಬಂದ ದಾರಿಯಲ್ಲೇ ತಿರುಗಿ ಹೋದಳು. ಅತ್ತೆ ಹಾಲು ಹಿಂಡಲು ಬಟ್ಟಲು ತರಲು ಹೋದಾಗ ಕಿಂಡಿಯಲ್ಲಿ ಆಕೆಯ ದನಿ ಕೇಳಿತು. "ತಂಗಿ, ಕರಾ ಬಿಡಬೇ. ಮೊದಲ ಕರಾ ಬಿಡ."

ಕೌದಿಯೊಳಗೆ ಕೂಸನ್ನು ಎದೆಗೆ ಹಚ್ಚಿಕೊಂಡೆ. ಅತ್ತೆ ಬಂದು ಹಿಂಡಿದಾಗ ಬಟ್ಟಲಿಗೆ ಬಿದ್ದದ್ದು ನಾಲ್ಕು ಹನಿ. "ಒಣಾ ಆಕಳ ಕಟಗೊಂಡು ಬಂದೇವಿ" ಎಂದು ಗೊಣಗಿದರು. ಆ ಕೂಸೇ ನಿಮ್ಮಪ್ಪ.

ಅವನಿಗೂ ಎರಡನೆಯ ವಾರ ಭೇದಿ ಹತ್ತಿತು. ನಾನು ದೇವರ ಹೆಸರು ಹೇಳುವುದನ್ನೂ ಮರೆತಿದ್ದೆ. ಆದರೆ ಅವನು ಮೊಲೆ ಬಿಡಲಿಲ್ಲ. ಬಾಡಿದವನು ಮತ್ತೆ ಚಿಗುರಿದ. ಆಯಿ ಕಿಂಡಿಗೆ ಬಾಯಿ ಹಚ್ಚಿ ಕೇಳಿದಳು.

"ಉಳೀತೇನ?"

"ಉಳೀತ್ರಿ ಆಯಿ" ಎಂದೆ. ಖುಷಿಯಲ್ಲಿದ್ದೆ.

ಆಚೆಯಿಂದ, "ಹಂಗಾದ್ರ ಖರೇನ ಐತಿ ನರ್ಸಬಾಯಿ ಹೇಳಿದ್ದು" ಎಂದಳು. ಕಿಂಡಿಗೆ ಅರಿವೆ ತುರುಕಿದ ಸದ್ದು ಕೇಳಿತು.

ನನ್ನ ಮಗ ಬೆಳೆದಷ್ಟೂ ಆಕೆ ಸೊರಗಿದಳು. ಎಮ್ಮೆಗಳನ್ನು ಮಾರಿದಳು. ನಾನು ಕೂಸನ್ನು ಆಕೆಯ ಕಡೆ ಚಾಚಿದಾಗಲೆಲ್ಲ ಕೈ ಹಿಂದಕ್ಕೆ ಕಟ್ಟಿಕೊಂಡು, "ಬ್ಯಾಡ ತಂಗಿ, ದೂರದಿಂದನ ನೋಡ್ತೇನಿ" ಎನ್ನುತ್ತಿದ್ದಳು. ನೋಡುತ್ತಲೂ ಇರಲಿಲ್ಲ. ಅವನು ನಡೆಯಲು ಕಲಿಯುವ ಮೊದಲೇ ತೀರಿಕೊಂಡಳು. ಬೇನೆ ಏನು ಎಂದು ಯಾರಿಗೂ ತಿಳಿಯಲಿಲ್ಲ.

ಅಕ್ಷತಾ, ಹೋದ ವರ್ಷ ನೀನು ಪರೀಕ್ಷೆಗೆ ಓದುತ್ತ ನನಗೆ ಬಿಡಿಸಿ ಹೇಳಿದೆ. ತಾಯಿಯ ಮೈ ತಾನು ಎದುರಿಸಿದ ರೋಗಗಳನ್ನೆಲ್ಲ ನೆನಪಿಟ್ಟುಕೊಂಡಿರುತ್ತದೆ, ಹೊಸದಾಗಿ ಬಂದ ಕೂಸಿಗೆ ಯಾವುದರ ಗುರುತೂ ಇರುವುದಿಲ್ಲ, ತಾಯಿ ಆ ಮೊದಲ ಹಾಲಿನಲ್ಲಿ ಅದಕ್ಕೆ ಕಾವಲು ಕೊಡುತ್ತಾಳೆ ಎಂದೆ. ಮನುಷ್ಯರ ಕೂಸಿಗೆ ಹೊಟ್ಟೆಯಲ್ಲಿದ್ದಾಗಲೇ ತಾಯಿಯಿಂದ ಒಂದಿಷ್ಟು ಕಾವಲು ಬಂದಿರುತ್ತದೆ, ಕರುವಿಗೆ ಅದೂ ಇಲ್ಲ ಎಂದೆ. ಆಗ ನಾನು ಎದ್ದು ಹೊರಗೆ ಹೋದೆ, ನಿನಗೆ ನೆನಪಿರಲಿಕ್ಕಿಲ್ಲ. ಗಿಣ್ಣ ಕುಡಿಯದ ಕರು ಸಾಯುತ್ತಿತ್ತು, ಅದಕ್ಕೇ ಜನ ಕಲಿತರು. ಹಾಲು ಚೆಲ್ಲಿದರೂ ಕೆಲವು ಕೂಸುಗಳು ಉಳಿಯುತ್ತಿದ್ದವು. ಆಯಿಯ ಮಗಳೂ ಹಾಗೇ ಉಳಿದವಳು. ಆ ಒಬ್ಬಳು ಉಳಿದದ್ದಕ್ಕೇ ತಾನು ಮಾಡಿದ್ದು ಸರಿ ಎಂದು ಆಕೆ ನಂಬಿದಳು. ಆಕೆಗೆ ತಿಳಿಯಲು ದಾರಿಯೇ ಇರಲಿಲ್ಲ... ಆ ಹಾಲು ಕುಡಿದಿದ್ದರೂ ಎಲ್ಲ ಕೂಸುಗಳೂ ಉಳಿಯುತ್ತಿದ್ದವೆಂದು ಯಾರು ಹೇಳಬಲ್ಲರು? ಇಷ್ಟನ್ನು ಆಕೆಗೆ ಹೇಳಬೇಕಿತ್ತು. ಹೇಳಲು ಆಗ ನನಗೇ ಗೊತ್ತಿರಲಿಲ್ಲ. ಈಗ ಗೊತ್ತಿದೆ, ಕೇಳುವವಳಿಲ್ಲ. ಕೇಳಿದ್ದರೂ ಆಕೆಗೆ ಸಮಾಧಾನವಾಗುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ.

ಈ ಬೇಸಿಗೆಯಲ್ಲಿ ಆಕೆಯ ಮಗಳೂ ಹೋದ ಸುದ್ದಿ ಬಂತು. ನಿಮ್ಮ ಅಜ್ಜನೂ ಇಲ್ಲ. ಆ ಚಕ್ಕಡಿಯಲ್ಲಿ ಕೂತವರಲ್ಲಿ ನಾನೊಬ್ಬಳೇ ಉಳಿದಿದ್ದೇನೆ. ಆಯಿಯ ನಿಜವಾದ ಹೆಸರೇನೆಂದು ನನಗೆ ಗೊತ್ತಿಲ್ಲ, ಆಕೆಯದೊಂದು ಚಿತ್ರವೂ ಇಲ್ಲ. ಈ ಹಾಳೆಗಳು ಹೋದರೆ ಆಕೆ ಇದ್ದಳು ಎನ್ನುವುದಕ್ಕೆ ಏನೂ ಉಳಿಯುವುದಿಲ್ಲ. ಮನೆ ಬಳಿಯುವಾಗ, ಕಪಾಟು ಖಾಲಿ ಮಾಡುವಾಗ ಹಳೆ ಕಾಗದವೆಂದು ರದ್ದಿಯವನಿಗೆ ಕೊಡಬೇಡಿರಿ. ನಿಮ್ಮ ಹತ್ತಿರವೇ ಇಟ್ಟುಕೊಳ್ಳಿರಿ.