ಗೇಟ್‌ಮನ್ ಬಿಟ್ಟ ಮಾತು

ಎಪ್ಪತ್ತರ ದಶಕದಲ್ಲಿ ಚಿಕ್ಕಜಾಜೂರಿನ ನಮ್ಮ ಪುಟ್ಟ ಚರ್ಚಿಗೆ ಒಬ್ಬ ರೈಲ್ವೆ ಗೇಟ್‌ಮನ್ ಬರುತ್ತಿದ್ದ. ಪ್ರತಿ ಭಾನುವಾರ ಎಲ್ಲರೂ ಎದ್ದು ನಿಂತು, ನಾವು ನಂಬುವುದನ್ನೆಲ್ಲ ಸಾಲಾಗಿ ಸಾರುವ ವಿಶ್ವಾಸ ಪ್ರಮಾಣ ಹೇಳುವಾಗ ಅವನೂ ಟೋಪಿಯನ್ನು ಎದೆಗೊತ್ತಿಕೊಂಡು ಹೇಳುತ್ತಿದ್ದ. ‘ಪರಿಶುದ್ಧರ ಅನ್ಯೋನ್ಯತೆ’ ಎಂಬಲ್ಲಿ ಮಾತ್ರ ಬಾಯಿ ಮುಚ್ಚಿಬಿಡುತ್ತಿದ್ದ. ಅದು ದಾಟಿದ ಮೇಲೆ, ಗಾಡಿ ಹೋದ ಮೇಲೆ ಗೇಟು ತೆಗೆದ ಹಾಗೆ, ಮತ್ತೆ ಬಾಯಿ ತೆರೆಯುತ್ತಿದ್ದ.

ಯಾಕೆಂದು ಯಾರು ಕೇಳಿದರೂ ಒಂದೇ ಉತ್ತರ: “ತಿಳೀದೆ ಹೆಂಗ್ರಿ ಹೇಳಾದು?”

ಮುಂದೆ ನಿಂತು ಪ್ರಮಾಣ ಹೇಳಿಕೊಡುತ್ತಿದ್ದವನು ನಾನು, ಸ್ಕೂಲ್ ಮೇಷ್ಟ್ರು. ಒಂದಕ್ಷರ ತಪ್ಪದ ನನ್ನ ಕಂಚಿನ ಕಂಠವನ್ನು ಯಾರೂ ಮೆಚ್ಚಲಿಲ್ಲ. ಅವನು ಬಾಯಿ ಮುಚ್ಚುವುದನ್ನು ನೋಡಲು ಮಾತ್ರ ಹೆಂಗಸರು, ಮಕ್ಕಳೆಲ್ಲ ಕತ್ತು ತಿರುಗಿಸುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಚಿತ್ರದುರ್ಗದಿಂದ ಪಾದ್ರಿ ಅಯ್ಯನವರು ಆರಾಧನೆ ನಡೆಸಲು ಬಂದ ದಿನ, ಎಲ್ಲರೆದುರೇ ಚಾಡಿ ಹೇಳಿದೆ.

ಅಯ್ಯನವರು ಅವನನ್ನು ಕರೆದು, “ಏನಪ್ಪ, ಅದೊಂದು ಮಾತು ಬಿಡ್ತೀಯಂತೆ?” ಅಂದರು.

“ತಿಳೀದೆ ಹೆಂಗ್ರಿ ಹೇಳಾದು, ಅಯ್ಯನೋರೆ? ಮೇಷ್ಟ್ರಿಗೆ ಗೊತ್ತೈತೆ. ಅವ್ರು ಬಿಡಿಸಿ ಹೇಳ್ಲಿ, ಈಗ್ಲೇ ಹೇಳ್ತೀನಿ.”

ಅವನ ಮಾತಿನಲ್ಲಿ ಕುಚೋದ್ಯವಿರಲಿಲ್ಲ. ಕಲಿಯುವ ಆಸೆಯಿಂದಲೇ ನನ್ನತ್ತ ನೋಡಿದ.

“ಅನ್ಯೋನ್ಯತೆ ಅಂದ್ರೆ… ಅನ್ಯೋನ್ಯವಾಗಿರೋದು” ಅಂದೆ. ಅಯ್ಯನವರು ಕೆಮ್ಮಿದರು.

ಮುಂದಿನ ಭಾನುವಾರ ಆ ಮಾತು ಬಂದಾಗ, ಇಡೀ ಚರ್ಚಿನಲ್ಲಿ ಅದನ್ನು ಹೇಳಿದವನು ನಾನೊಬ್ಬನೇ.